ಒಸಾಕಾ, ಕ್ಯೋಟೊ, ಟೋಕಿಯೊ: ಮೊದಲ ಸಲ ಹೋದವರು ರಾತ್ರಿ ಎಲ್ಲಿ ಉಳಿಯಬೇಕು?

ಜಪಾನಿಗೆ ಮೊದಲ ಸಲ ಹೊರಟವರ ಪಟ್ಟಿಯಲ್ಲಿ ನೋಡುವ ಜಾಗಗಳು ಬೇಕಾದಷ್ಟು ಇರುತ್ತವೆ. ರಾತ್ರಿ ಯಾವ ಊರಲ್ಲಿ ಉಳಿಯಬೇಕು ಅನ್ನುವುದನ್ನು ಮಾತ್ರ ಕೊನೆಗೆ, ರೂಮಿನ ಬಾಡಿಗೆ ನೋಡಿಕೊಂಡು ತೀರ್ಮಾನ ಮಾಡುತ್ತಾರೆ. ನನ್ನ ಪ್ರಕಾರ ಅದು ಮೊದಲು ಆಗಬೇಕಾದ ತೀರ್ಮಾನ. ಅದೂ ಬಾಡಿಗೆ ನೋಡಿ ಅಲ್ಲ, ನೀವು ಏನು ತಿನ್ನುತ್ತೀರಿ ಅನ್ನುವುದನ್ನು ನೋಡಿ.

ನಾವು ಹೋದದ್ದು ಮೂವರು. ನಾನು ಮತ್ತು ನನ್ನ ಗಂಡ ಮೀನು, ಮಾಂಸ ಎಲ್ಲ ತಿನ್ನುತ್ತೇವೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಪ್ರತಿ ಊರನ್ನೂ ಎರಡು ಥರದ ಹಸಿವಿನಿಂದ ನೋಡಿದೆವು. ಒಸಾಕಾ, ಕ್ಯೋಟೊ, ಟೋಕಿಯೊ ಮೂರರಲ್ಲೂ ಉಳಿದೆವು. ಬೆಲೆಗಳನ್ನು ಯೆನ್‌ನಲ್ಲೇ ಹೇಳುತ್ತೇನೆ. ಒಂದು ಯೆನ್ ಅಂದರೆ ಅರವತ್ತು ಪೈಸೆಯ ಆಸುಪಾಸು ಅಂತ ಇಟ್ಟುಕೊಳ್ಳಿ.

ವಿಮಾನ, ರೈಲು, ಪಾಸ್

ಬೆಂಗಳೂರಿನಿಂದ ಟೋಕಿಯೊದ ನರಿಟಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ದಾರಿಯಲ್ಲಿ ಇಳಿದು ಹತ್ತುವ ರಗಳೆ ಇಲ್ಲ. ಆದರೆ ಹೋಗುವುದು, ಬರುವುದು ಎರಡೂ ಟೋಕಿಯೊದಿಂದಲೇ ಆದರೆ ಒಸಾಕಾ ಕಡೆ ಹೋದವರು ಮತ್ತೆ ಐನೂರು ಕಿಲೋಮೀಟರ್ ವಾಪಸ್ ಬರಬೇಕು. ನಾವು ಇನ್ನೊಂದು ದಾರಿ ಹಿಡಿದೆವು. ಸಿಂಗಾಪುರದ ಮೇಲೆ ಹೋಗಿ ಒಸಾಕಾದ ಕನ್ಸಾಯ್ ನಿಲ್ದಾಣದಲ್ಲಿ ಇಳಿದೆವು, ವಾಪಸ್ ಬರಲು ಟೋಕಿಯೊದಲ್ಲಿ ಹತ್ತಿದೆವು. ಎರಡನ್ನೂ ಒಟ್ಟಿಗೆ ಒಂದೇ ಟಿಕೆಟ್‌ನಲ್ಲಿ ಬುಕ್ ಮಾಡಬಹುದು. ವಯಸ್ಸಾದವರು ಜೊತೆಗಿದ್ದರೂ ಇದೇ ಮೇಲು ಅಂತ ನನ್ನ ಅಭಿಪ್ರಾಯ. ಕನ್ಸಾಯ್‌ನಿಂದ ಒಸಾಕಾದ ನಂಬಾಕ್ಕೆ ನನ್ಕಾಯ್ ರೈಲಿನಲ್ಲಿ ಮುಕ್ಕಾಲು ಗಂಟೆ ಸಾಕು. ಇಳಿದ ದಿನವೇ ಟೋಕಿಯೊದ ದೊಡ್ಡ ಸ್ಟೇಷನ್‌ಗಳ ಗದ್ದಲಕ್ಕೆ ಸಿಗುವುದಿಲ್ಲ.

ಈ ದಾರಿಯಲ್ಲಿ ರೈಲು ಪಾಸ್‌ನ ಪ್ರಶ್ನೆಯೂ ತಾನಾಗಿ ಬಗೆಹರಿಯುತ್ತದೆ. ಜಪಾನಿಗೆ ಹೋಗುವವರೆಲ್ಲ ಜೆಆರ್ ಪಾಸ್ (ಜಪಾನ್ ರೈಲ್ವೇಸ್ ರೈಲುಗಳಲ್ಲಿ ಇಷ್ಟು ದಿನ ಅಂತ ಬೇಕಾದಷ್ಟು ಓಡಾಡಲು ಬಿಡುವ ಪಾಸ್) ಕೊಳ್ಳಲೇಬೇಕು ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದು ಹಳೆಯ ಲೆಕ್ಕ. ಏಳು ದಿನದ ಸಾಮಾನ್ಯ ಪಾಸ್ 2023ರ ಅಕ್ಟೋಬರ್‌ಗೆ ಮೊದಲು 29,650 ಯೆನ್ ಇತ್ತು. ಆ ತಿಂಗಳು ಒಂದೇ ಸಲಕ್ಕೆ 50,000ಕ್ಕೆ ಏರಿತು. ಕ್ಯೋಟೊದಿಂದ ಟೋಕಿಯೊಗೆ ನೊಜೊಮಿ ಅನ್ನುವ ಅತಿ ವೇಗದ ಶಿಂಕಾನ್ಸೆನ್ (ಬುಲೆಟ್ ರೈಲು) ಟಿಕೆಟ್ ಸುಮಾರು 14,000 ಯೆನ್. ಹೋಗಿ ಬಂದರೂ 28,000. ನಮ್ಮ ಹಾಗೆ ಒಂದೇ ಕಡೆ ಹೋದರೆ ಅದರರ್ಧ. ಪಾಸ್ ಇದ್ದರೂ ನೊಜೊಮಿ ಹತ್ತಲು ಮತ್ತೆ ಬೇರೆ ದುಡ್ಡು ಕೊಡಬೇಕು. ಹಿರೋಶಿಮಾ, ಫುಕುಒಕಾ ಅಂತ ಒಂದೇ ವಾರದಲ್ಲಿ ದೂರದೂರ ಸುತ್ತುವವರಿಗೆ ಬಿಟ್ಟರೆ ಈ ಪಾಸ್ ಬೇಡ. ಬಿಡಿ ಟಿಕೆಟ್ ತೊಗೊಳ್ಳಿ.

ಸೀಟು ಆರಿಸುವಾಗ ಇ ಅಕ್ಷರದ ಸೀಟು ಕೇಳಿ. ಫ್ಯೂಜಿ ಬೆಟ್ಟ ಕಾಣುವುದು ಆ ಕಡೆ. ಟೋಕಿಯೊ ಬರುವ ಮುಕ್ಕಾಲು ಗಂಟೆ ಮೊದಲು ಕಿಟಕಿ ಕಡೆ ಕಣ್ಣಿಟ್ಟಿರಬೇಕು. ಮೋಡ ಇಲ್ಲದಿದ್ದರೆ ಬೆಟ್ಟ ಬುಡದಿಂದ ತುದಿಯವರೆಗೆ ಕಾಣುತ್ತದೆ.

ಊರೊಳಗಿನ ಓಡಾಟಕ್ಕೆ ಟೋಕಿಯೊದ ಸುಯಿಕಾ, ಒಸಾಕಾ ಕಡೆಯ ಇಕೋಕಾ ಅಂತ ದುಡ್ಡು ತುಂಬಿಸಿಕೊಂಡು ಬಳಸುವ ಎರಡು ಕಾರ್ಡ್ ಇವೆ. ಯಾವುದನ್ನು ಕೊಂಡರೂ ಎರಡೂ ಕಡೆ ನಡೆಯುತ್ತದೆ. ಇದರಲ್ಲಿ ಹೋಲಿಸುವುದಕ್ಕೇನೂ ಇಲ್ಲ.

ಒಸಾಕಾ: ಮೀನು ತಿನ್ನುವವರ ಊರು

ಒಸಾಕಾದ ಊಟ ಬೀದಿಯಲ್ಲೇ ನಡೆಯುತ್ತದೆ. ದೊತೊನ್‌ಬೊರಿ ಕಾಲುವೆಯ ಎರಡೂ ಕಡೆ, ಶಿನ್‌ಸೆಕಾಯ್‌ನ ಗೋಪುರದ ಸುತ್ತ, ನಿಂತೋ ಕೂತೋ ತಿನ್ನುತ್ತಾ ಹೋಗಬಹುದು. ತಾಕೊಯಾಕಿ ಹುಟ್ಟಿದ್ದು ಈ ಊರಲ್ಲಿ, 1935ರಲ್ಲಿ. ನಮ್ಮ ಪಡ್ಡಿನ ಕಾವಲಿಯಂಥದ್ದರಲ್ಲೇ ಹಿಟ್ಟು ಹುಯ್ದು, ಒಳಗೆ ಆಕ್ಟೋಪಸ್ ತುಂಡು ಇಟ್ಟು, ಕಡ್ಡಿಯಲ್ಲಿ ತಿರುವಿ ತಿರುವಿ ಉಂಡೆ ಮಾಡುತ್ತಾರೆ. ಹೊರಗೆ ಗರಿ, ಒಳಗೆ ಗಂಜಿಯಷ್ಟು ಮೆತ್ತಗೆ. ಬಾಯಿಗೆ ಹಾಕುವ ಮೊದಲು ಒಡೆದು ಆರಿಸಿಕೊಳ್ಳಿ.

ಕುಶಿಕಾತ್ಸು ಅಂದರೆ ಕಡ್ಡಿಗೆ ಚುಚ್ಚಿ ಕರಿದ ಮಾಂಸ, ಸಿಗಡಿ, ತಾವರೆ ದಂಟು, ಈರುಳ್ಳಿ. ಎಲ್ಲರಿಗೂ ಸೇರಿ ಒಂದೇ ಸಾಸ್ ಡಬ್ಬಿ ಇಟ್ಟಿರುವ ಅಂಗಡಿಯಲ್ಲಿ ಒಂದು ಸಲ ಮಾತ್ರ ಅದ್ದಬೇಕು, ಕಚ್ಚಿದ ಮೇಲೆ ಮತ್ತೆ ಅದ್ದುವ ಹಾಗಿಲ್ಲ. ಎಂಜಲಿನ ಲೆಕ್ಕ ಗೊತ್ತಿರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನು ಒಕೊನೊಮಿಯಾಕಿ. ಕೋಸು ಹೆಚ್ಚಿ ಹಿಟ್ಟಿಗೆ ಕಲಸಿ, ಬಿಸಿ ಕಬ್ಬಿಣದ ಹಲಗೆಯ ಮೇಲೆ ದಪ್ಪಗೆ ಬೇಯಿಸುತ್ತಾರೆ. ಒಂದನ್ನು ಇಬ್ಬರು ಹಂಚಿಕೊಳ್ಳಬಹುದು. ಬೆಲ್ಟಿನ ಮೇಲೆ ತಿರುಗುವ ಸುಶಿ ಶುರುವಾದದ್ದೂ ಇಲ್ಲೇ ಪಕ್ಕದಲ್ಲಿ, ಈಗಿನ ಹಿಗಾಶಿ ಒಸಾಕಾದಲ್ಲಿ, 1958ರಲ್ಲಿ.

ಟೋಕಿಯೊದಲ್ಲಿ ಒಂದು ಅಂಗಡಿ ಅಂದರೆ ಸಾಮಾನ್ಯವಾಗಿ ಒಂದೇ ತಿನಿಸು. ರಾಮೆನ್ (ಸಾರಿನಲ್ಲಿ ಕೊಡುವ ನೂಡಲ್ಸ್) ಅಂಗಡಿಯ ಬಾಗಿಲಲ್ಲಿ ಮೆಷಿನ್‌ಗೆ ದುಡ್ಡು ಹಾಕಿ ಚೀಟಿ ತೊಗೊಂಡು, ಕೂತು, ತಿಂದು, ಎದ್ದು ಬರಬೇಕು. ಒಬ್ಬರೇ ಹೋಗುವವರಿಗೆ ಅದು ಚೆನ್ನ. ಮೂರು ನಾಲ್ಕು ಜನ ಸೇರಿ ಹರಟುತ್ತಾ ತಿನ್ನಲು ಒಸಾಕಾನೇ ಸರಿ. ಸುಶಿಯಲ್ಲಿ ಮಾತ್ರ ಟೋಕಿಯೊ ಮೇಲು ಅನ್ನಿಸಿತು. ಎದುರಿಗೆ ನಿಂತು ಒಂದೊಂದೇ ತುಂಡು ಮಾಡಿ ಕೊಡುವ ಸಣ್ಣ ಅಂಗಡಿಗಳು ಅಲ್ಲಿ ಜಾಸ್ತಿ. ಅನ್ನಕ್ಕೆ ಹಾಕುವ ವಿನಿಗರ್, ಮೀನಿಗೆ ಸವರುವ ಸೋಯಾ ಎರಡೂ ಹದವಾಗಿರುತ್ತವೆ.

ಮಾರುಕಟ್ಟೆಗಳ ವಿಷಯ ಒಂದು ಮಾತು. ಒಸಾಕಾದ ಕುರೊಮೊನ್, ಟೋಕಿಯೊದ ತ್ಸುಕಿಜಿ ಹೊರ ಮಾರುಕಟ್ಟೆ ಎರಡನ್ನೂ ಸುತ್ತಿದೆವು. ಎರಡರಲ್ಲೂ ಈಗ ಪ್ರವಾಸಿಗರ ಬೆಲೆ. ಟೋಕಿಯೊದ ಸಗಟು ಮೀನು ವ್ಯಾಪಾರ 2018ರಲ್ಲೇ ತೊಯೊಸುಗೆ ಹೋಗಿಬಿಟ್ಟಿದೆ. ನೋಡಲು ಹೋಗಿ, ಒಂದೆರಡು ತುಂಡು ತಿನ್ನಿ, ಊಟ ಬೇರೆ ಕಡೆ ಮಾಡಿ.

ಒಸಾಕಾದಲ್ಲಿ ನಂಬಾನೋ ಉಮೆದಾನೋ? ರಾತ್ರಿ ತಿನ್ನುವುದೇ ಮುಖ್ಯ ಆದರೆ ನಂಬಾ. ಅಲ್ಲಿಂದ ಕಿಂತೆತ್ಸು ರೈಲಿನಲ್ಲಿ ನಾರಾ ಕೂಡ ನಲವತ್ತು ನಿಮಿಷ. ದಿನಾ ಕ್ಯೋಟೊ, ಕೋಬೆ, ಹಿಮೆಜಿ ಅಂತ ಓಡಾಡುವವರಿಗೆ ಜೆಆರ್ ಒಸಾಕಾ ಸ್ಟೇಷನ್ ಇರುವ ಉಮೆದಾ.

ಸಾರಿನಲ್ಲಿರುವ ಮೀನು

ಸಸ್ಯಾಹಾರಿಗಳು ತಿಳಿಯಲೇಬೇಕಾದ ವಿಷಯ ದಾಶಿ. ಜಪಾನಿನ ಬಹಳಷ್ಟು ಅಡುಗೆಗೆ ಅದೇ ತಳಪಾಯ. ಒಣಗಿಸಿದ ಬೊನಿಟೊ ಮೀನಿನ ಹೆರೆ, ಕೊಂಬು ಎಂಬ ಕಡಲ ಎಲೆ, ಇವೆರಡನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಾರು ಅದು. ಮಿಸೊ ಸೂಪ್, ಉದೊನ್ ಮತ್ತು ಸೊಬಾ ಅನ್ನುವ ನೂಡಲ್ಸ್, ಬೇಯಿಸಿದ ತರಕಾರಿ, ತೆಂಪುರಾದ (ಹಿಟ್ಟಿನಲ್ಲಿ ಅದ್ದಿ ಕರಿದದ್ದು) ಜೊತೆ ಕೊಡುವ ಗೊಜ್ಜು, ಎಲ್ಲದರಲ್ಲೂ ಇರುತ್ತದೆ. ತಟ್ಟೆಯಲ್ಲಿ ತರಕಾರಿ ಮಾತ್ರ ಕಾಣುತ್ತದೆ, ಅಷ್ಟೇ. ‘ಮಾಂಸ ಬೇಡ’ ಅಂದರೆ ಅವರು ಮಾಂಸದ ತುಂಡು ತೆಗೆಯುತ್ತಾರೆ, ಸಾರು ಹಾಗೇ ಬರುತ್ತದೆ. ಅವರ ಲೆಕ್ಕದಲ್ಲಿ ಅದು ಸರಿಯೇ. ‘ಮಾಂಸ, ಮೀನು, ಮೊಟ್ಟೆ, ಬೊನಿಟೊ ದಾಶಿ ತಿನ್ನುವುದಿಲ್ಲ’ ಅಂತ ಜಪಾನಿ ಭಾಷೆಯಲ್ಲಿ ಬರೆಸಿದ ಚೀಟಿ ಫೋನಿನಲ್ಲಿ ಇಟ್ಟುಕೊಳ್ಳಿ. ಅದನ್ನು ತೋರಿಸಿದರೆ ಒಳಗೆ ಹೋಗಿ ಅಡುಗೆಯವರನ್ನು ಕೇಳಿಕೊಂಡು ಬಂದು, ಇಲ್ಲ ಅಂದರೆ ಇಲ್ಲ ಅಂತ ನೇರವಾಗಿ ಹೇಳುತ್ತಾರೆ.

ಈ ಸಾರೇ ಎರಡು ಕಡೆ ಬೇರೆ ಬೇರೆ. ಟೋಕಿಯೊದ ಉದೊನ್ ಸಾರು ಕಪ್ಪಗೆ, ಸೋಯಾ ಜೋರು, ಬೊನಿಟೊ ಜೋರು. ಒಸಾಕಾ, ಕ್ಯೋಟೊದಲ್ಲಿ ತೆಳು ಬಣ್ಣ, ಕೊಂಬಿನ ರುಚಿ ಮುಂದು. ಹಿಂದೆ ಹೊಕ್ಕೈಡೊದ ಕೊಂಬು ಹಡಗುಗಳಲ್ಲಿ ಬಂದು ಸೇರುತ್ತಿದ್ದದ್ದು ಒಸಾಕಾಕ್ಕೆ, ಅದಕ್ಕೇ ಈ ಕಡೆ ಅದರ ಬಳಕೆ ಬೆಳೆಯಿತು. ದೊನ್‌ಬೇಯ್ ಅನ್ನುವ ಕಪ್ ಉದೊನ್ ಕೂಡ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಸಾರಿನಲ್ಲಿ ಬರುತ್ತದೆ. ನಮಗಿಬ್ಬರಿಗೂ ಹಿಡಿಸಿದ್ದು ಪಶ್ಚಿಮದ್ದು. ಒಸಾಕಾದಲ್ಲಿ ಸಿಹಿ ತೋಫು ಹಾಳೆ ಹಾಕಿದ ಕಿತ್ಸುನೆ ಉದೊನ್ ತಿಂದ ಮೇಲೆ ಟೋಕಿಯೊದ ಸಾರು ಬರೀ ಉಪ್ಪು ಅನ್ನಿಸಿತು. ಸೊಬಾ ತಿನ್ನುವುದಾದರೆ ಮಾತ್ರ ಟೋಕಿಯೊದಲ್ಲೇ ತಿನ್ನಿ. ತಣ್ಣಗಿನ ಸೊಬಾಕ್ಕೆ ಆ ಗಟ್ಟಿ ಸಾರೇ ಬೇಕು.

ಕ್ಯೋಟೊ: ಅತ್ತೆ ಗೆದ್ದ ಊರು

ಒಸಾಕಾದಲ್ಲಿ ಅತ್ತೆ ಬಹಳ ಸಲ ಹಣ್ಣು, ಬ್ರೆಡ್‌ನಲ್ಲೇ ದಿನ ಕಳೆದರು. ಕ್ಯೋಟೊಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಬೌದ್ಧ ಮಠಗಳ ಶೋಜಿನ್ ಅಡುಗೆ ಇಲ್ಲಿ ಇನ್ನೂ ಜೀವಂತವಾಗಿದೆ. ಅದರಲ್ಲಿ ಮಾಂಸ, ಮೀನು ಇಲ್ಲ. ಸಂಪ್ರದಾಯದ ಪ್ರಕಾರ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಸಾರು ಕೊಂಬು ಮತ್ತು ಒಣ ಶಿಟಾಕೆ ಅಣಬೆಯದ್ದು. ಅರಾಶಿಯಾಮಾದ ತೆನ್‌ರ್ಯೂಜಿ ದೇವಾಲಯದ ಆವರಣದಲ್ಲೇ ಶಿಗೆತ್ಸು ಅಂತ ಊಟದ ಜಾಗ ಇದೆ. ತೋಟದ ಪ್ರವೇಶದ ಟಿಕೆಟ್ ಬೇರೆ, ಊಟ ನಾಲ್ಕು ಸಾವಿರ ಯೆನ್‌ನ ಆಸುಪಾಸಿನಿಂದ ಶುರು. ಕಡಿಮೆ ಏನಲ್ಲ. ಆದರೆ ಎಳ್ಳಿನ ತೋಫು, ಹುರಿದ ಬದನೆ, ಉಪ್ಪಿನಕಾಯಿ, ಅನ್ನ, ಎಲ್ಲವನ್ನೂ ಅತ್ತೆ ಒಂದು ಪ್ರಶ್ನೆ ಕೇಳದೆ ಊಟ ಮಾಡಿದರು. ಆ ನಿಶ್ಚಿಂತೆಗೆ ಕೊಟ್ಟ ದುಡ್ಡು ಅದು.

ನನ್‌ಜೆಂಜಿ ದೇವಾಲಯದ ಸುತ್ತ ಯುದೊಫು ಅಂಗಡಿಗಳಿವೆ. ಬಿಸಿನೀರಿನಲ್ಲಿ ಕೊಂಬು ಹಾಕಿ ತೋಫು ಬೇಯಿಸಿ ಕೊಡುತ್ತಾರೆ. ಪಾತ್ರೆಯಲ್ಲಿ ಇರುವುದು ಸಸ್ಯಾಹಾರವೇ, ಅದ್ದಿಕೊಳ್ಳುವ ಸಾಸ್‌ನಲ್ಲಿ ಬೊನಿಟೊ ಇರಬಹುದು. ಬರೀ ಸೋಯಾ ಸಾಸ್ ಕೇಳಿ. ಸೋಯಾ ಹಾಲಿನ ಮೇಲೆ ಕಟ್ಟುವ ಕೆನೆಯಿಂದ ಮಾಡುವ ಯುಬಾ ಕೂಡ ಈ ಊರಿನ ವಿಶೇಷ. ಸಿಹಿಯಲ್ಲಿ ಅಕ್ಕಿ ಹಿಟ್ಟು, ಚಕ್ಕೆ, ಅಜುಕಿ ಕಾಳಿನ ಹೂರಣ ಸೇರಿದ ನಾಮಾ ಯಾತ್ಸುಹಾಶಿ. ಅತ್ತೆ ಊರಿಗೆ ಕಟ್ಟಿಸಿಕೊಂಡದ್ದು ಇದನ್ನೇ. ಚಹಾ ಇಷ್ಟಪಡುವವರು ರೈಲಿನಲ್ಲಿ ಅರ್ಧ ಗಂಟೆ ಹೋಗಿ ಉಜಿಯಲ್ಲಿ ಮಾಚಾ ಕುಡಿದು ಬನ್ನಿ.

ಒಸಾಕಾದಲ್ಲಿ ಉಳಿದು ಕ್ಯೋಟೊ ನೋಡಿ ಬರುವುದೂ ಸುಲಭವೇ. ಜೆಆರ್ ಶಿನ್‌ಕಾಯ್‌ಸೊಕು ರೈಲಿಗೆ 580 ಯೆನ್, ಅರ್ಧ ಗಂಟೆ. ಹಂಕ್ಯೂ ರೈಲು ಇನ್ನೂ ಅಗ್ಗ, ಸ್ವಲ್ಪ ನಿಧಾನ. ಹಾಗೆ ಹೋಗಿಯೂ ನೋಡಿದೆವು, ಅಲ್ಲೇ ಉಳಿದೂ ನೋಡಿದೆವು. ವ್ಯತ್ಯಾಸ ಇರುವುದು ಬೆಳಗ್ಗೆ. ಸಾಲು ಸಾಲು ಕೆಂಪು ತೋರಣಗಳಿರುವ ಫುಶಿಮಿ ಇನಾರಿ ಗುಡಿ ದಿನದ 24 ಗಂಟೆಯೂ ತೆರೆದಿರುತ್ತದೆ, ಟಿಕೆಟ್ ಇಲ್ಲ. ಕಿಯೊಮಿಜು ದೇವಾಲಯ ಬೆಳಗ್ಗೆ 6ಕ್ಕೆ ತೆರೆಯುತ್ತದೆ. ಏಳು ಗಂಟೆಗೆ ಆ ಕೆಂಪು ತೋರಣಗಳ ಕೆಳಗೆ ಅತ್ತೆ ತಮ್ಮ ಪಾಡಿಗೆ ನಿಧಾನವಾಗಿ ನಡೆದರು, ನಿಂತರು, ಕೈ ಮುಗಿದರು. ಒಸಾಕಾದಿಂದ ಹೋದ ದಿನ ಹತ್ತೂವರೆಗೆ ಹೋಗಿ ಮುಟ್ಟಿದರೆ ಅದೇ ಜಾಗದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕ್ಯೋಟೊದಲ್ಲಿ ಬಸ್ಸುಗಳೂ ತುಂಬಿ ತುಳುಕುತ್ತವೆ. ಆದಷ್ಟು ರೈಲು ಹಿಡಿಯಿರಿ. ಕ್ಯೋಟೊ ಸ್ಟೇಷನ್‌ನಿಂದ ಇನಾರಿ ಎರಡನೇ ಸ್ಟಾಪ್, ಅರಾಶಿಯಾಮಾ ಕಾಲು ಗಂಟೆ. ಕಿಂಕಾಕುಜಿ ದೇವಾಲಯಕ್ಕೆ ಮಾತ್ರ ಬಸ್ ಬೇಕಾಗುತ್ತದೆ.

ಹಾಗಾಗಿ ಮನೆಯಲ್ಲಿ ಒಬ್ಬರಾದರೂ ಶುದ್ಧ ಸಸ್ಯಾಹಾರಿ ಇದ್ದರೆ ನೆಲೆ ಕ್ಯೋಟೊದಲ್ಲಿ ಮಾಡಿ, ಒಸಾಕಾಕ್ಕೆ ಸಂಜೆ ಹೋಗಿ ತಿಂದು ಬನ್ನಿ. ಎಲ್ಲರೂ ಮೀನು ತಿನ್ನುವವರಾದರೆ ಒಸಾಕಾದಲ್ಲಿ ಇದ್ದು, ಕ್ಯೋಟೊಗೆ ಎರಡು ರಾತ್ರಿ ಕೊಡಿ.

ಟೋಕಿಯೊ

ಟೋಕಿಯೊವನ್ನು ಕೊನೆಗೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಅಷ್ಟರಲ್ಲಿ ರೈಲು, ಕಾರ್ಡ್, ಎಸ್ಕಲೇಟರ್ ಎಲ್ಲ ಅಭ್ಯಾಸ ಆಗಿತ್ತು. ಒಸಾಕಾದಲ್ಲಿ ಎಸ್ಕಲೇಟರ್‌ನ ಬಲಕ್ಕೆ ನಿಲ್ಲುತ್ತಾರೆ, ಟೋಕಿಯೊದಲ್ಲಿ ಎಡಕ್ಕೆ. ಉಳಿಯಲು ಉಎನೊ, ಅಸಾಕುಸಾ ಕಡೆ ಶಿಂಜುಕು, ಶಿಬುಯಾಗಿಂತ ಕೈಗೆಟುಕುವ ಬೆಲೆ. ಊರನ್ನು ಮೇಲಿಂದ ನೋಡಲು ಶಿಬುಯಾ ಸ್ಕೈಗೆ ಎರಡು ಸಾವಿರ ಯೆನ್‌ಗಿಂತ ಜಾಸ್ತಿ, ಸೂರ್ಯಾಸ್ತದ ಹೊತ್ತಿನ ಟಿಕೆಟ್ ಬೇಗ ಖಾಲಿ. ಶಿಂಜುಕುವಿನ ಸರ್ಕಾರಿ ಕಟ್ಟಡದ 45ನೇ ಮಹಡಿ, 202 ಮೀಟರ್ ಎತ್ತರ, ಪೂರ್ತಿ ಉಚಿತ. ನಾನು ಉಚಿತದ್ದಕ್ಕೇ ಓಟು ಹಾಕುತ್ತೇನೆ.

ಸಸ್ಯಾಹಾರಿಗಳಿಗೆ ಟೋಕಿಯೊ ಎರಡನೇ ಸ್ಥಾನ. ಟೋಕಿಯೊ ಸ್ಟೇಷನ್‌ನ ಜೆಆರ್ ಗೇಟಿನ ಒಳಗೇ ಟೀಸ್ ತಾನ್‌ತಾನ್ ಅಂತ ಅಂಗಡಿ ಇದೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ರಾಮೆನ್. ಎಳ್ಳಿನ ಸಾರಿನದ್ದು ಕೇಳಿ. ನಮ್ಮ ಊಟವೇ ಬೇಕು ಅನ್ನಿಸಿದರೆ ಭಾರತೀಯರು ಜಾಸ್ತಿ ಇರುವ ನಿಶಿ ಕಸಾಯ್ ಇದೆ. ಗಿಂಜಾದಲ್ಲಿ ಬಂಗೇರಾಸ್ ಕಿಚನ್ ಅಂತ ಮಂಗಳೂರು ಅಡುಗೆಯ ಹೋಟೆಲ್ಲೇ ಇದೆ.

ಕೊನ್ಬಿನಿ, ರೂಮು, ಲಗೇಜು

ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಥರದ ಕೊನ್ಬಿನಿಗಳು (ತಿನಿಸು, ದಿನಬಳಕೆ ಸಾಮಾನಿನ ಸಣ್ಣ ಅಂಗಡಿಗಳು) ಬೆಳಗಿನ ತಿಂಡಿಗೆ ಸಾಕು. ರಾತ್ರಿ ಊಟಕ್ಕೆ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ನೆಲಮಾಳಿಗೆಗೆ ಹೋಗಿ. ಅಂಗಡಿ ಮುಚ್ಚುವ ಹೊತ್ತಿಗೆ ಸುಶಿ, ಬೆಂತೊ (ಕಟ್ಟಿಕೊಟ್ಟ ಊಟ) ಡಬ್ಬಿಗಳ ಮೇಲೆ ರಿಯಾಯಿತಿ ಚೀಟಿ ಅಂಟಿಸುತ್ತಾರೆ, ರುಚಿ ಕೊನ್ಬಿನಿಗಿಂತ ಎಷ್ಟೋ ಮೇಲು. ಅತ್ತೆಗೆ ಮಾತ್ರ ಕೊನ್ಬಿನಿಯೇ ಗತಿ ಆದ ರಾತ್ರಿಗಳಿದ್ದವು. ಬಿಸಿ ಮಾಡಿ ತಿನ್ನುವ ಬಿಳಿ ಅನ್ನದ ಡಬ್ಬಿ, ಸಿಹಿ ಹಾಕದ ಮೊಸರು, ಮನೆಯಿಂದ ಒಯ್ದ ಚಟ್ನಿಪುಡಿ. ಜಪಾನಿನ ಅಂಟು ಅಕ್ಕಿಗೆ ಮೊಸರನ್ನ ಬಹಳ ಚೆನ್ನಾಗಿ ಹೊಂದುತ್ತದೆ.

ರೂಮು ಸಾಧಾರಣ ಬಿಸಿನೆಸ್ ಹೋಟೆಲ್ ಸಾಕು. ಚಿಕ್ಕದು, ಚೊಕ್ಕದು. ರ‍್ಯೋಕಾನ್‌ನಲ್ಲಿ (ಹಳೇ ಜಪಾನಿ ಪದ್ಧತಿಯ ವಸತಿಗೃಹ) ಚಾಪೆಯ ಮೇಲೆ ಹಾಸಿಗೆ ಹಾಸಿ ಕೊಡುತ್ತಾರೆ, ಬಾಡಿಗೆಯಲ್ಲಿ ದೊಡ್ಡ ಊಟವೂ ಸೇರಿರುತ್ತದೆ. ಆ ಊಟ ಮೀನಿನದ್ದೇ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಬೇಕು, ಇಲ್ಲವೇ ಊಟ ಇಲ್ಲದ ದರ ಕೇಳಬೇಕು. ಮಂಡಿ ನೋವಿರುವವರಿಗೆ ನೆಲದ ಹಾಸಿಗೆ ಸುಮ್ನೆ ಕಷ್ಟ.

ಊರಿಂದ ಊರಿಗೆ ಹೋಗುವಾಗ ದೊಡ್ಡ ಸೂಟ್‌ಕೇಸನ್ನು ಹೋಟೆಲ್‌ನಿಂದಲೇ ಯಾಮಾತೊ ಕೊರಿಯರ್‌ನಲ್ಲಿ ಕಳಿಸಿಬಿಡಿ. ಕ್ಯೋಟೊದಲ್ಲಿ ಕೊಟ್ಟದ್ದು ಮರುದಿನ ಟೋಕಿಯೊ ಹೋಟೆಲ್‌ನಲ್ಲಿರುತ್ತದೆ. ಒಂದು ರಾತ್ರಿಯ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿ ಇಟ್ಟುಕೊಳ್ಳಿ. ಶಿಂಕಾನ್ಸೆನ್‌ನಲ್ಲೇ ಒಯ್ಯುವುದಾದರೆ ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ದಾಟಿದ ಪೆಟ್ಟಿಗೆಗೆ ಬೋಗಿಯ ಕೊನೆಯ ಸಾಲಿನ ಸೀಟನ್ನು ಮೊದಲೇ ಬುಕ್ ಮಾಡಬೇಕು. ನವೆಂಬರ್ ಕೊನೆಯಲ್ಲಿ, ಎಲೆ ಕೆಂಪಾಗುವ ಹೊತ್ತಿಗೆ ಹೋಗುವವರು ಕ್ಯೋಟೊದ ರೂಮನ್ನು ವಿಮಾನದ ಟಿಕೆಟ್‌ಗಿಂತ ಮೊದಲೇ ಹಿಡಿದಿಡಿ.