ದೊಡ್ಡ ರೆಸಿನ್ ಕಿಟ್ ತಗೊಳ್ಳೋರು ಹುಷಾರು, ಒರಿಜಿನಲ್ ಅಂತ ರೀಕಾಸ್ಟ್ ಮಾರ್ತಿದಾರೆ

ಸ್ಕೇಲ್ ಮಾಡೆಲ್ (ಅಸಲಿ ಗಾಡಿಯ ಅಳತೆಗೆ ತಕ್ಕ ಚಿಕ್ಕ ಮಾದರಿ) ಕಟ್ಟೋರು, ಅದ್ರಲ್ಲೂ ಸೆಕೆಂಡ್ ಹ್ಯಾಂಡಲ್ಲಿ ಹಳೇ ರೇಸ್ ಕಾರಿನ ದುಬಾರಿ ಕಿಟ್ ಹುಡುಕ್ತಿರೋರು, ಇದನ್ನ ಓದಿ ಆಮೇಲೆ ದುಡ್ಡು ಕಳ್ಸಿ. ಬಾಕ್ಸ್ ಒರಿಜಿನಲ್, ತೋರ್ಸೋ ಫೋಟೋ ಒರಿಜಿನಲ್, ಒಳಗಿರೋ ಪಾರ್ಟ್ಸ್ ಮಾತ್ರ ಡೂಪ್ಲಿಕೇಟ್. ಯಾರೋ ಒಂದು ನಿಜವಾದ ಕಿಟ್ ತಗೊಂಡು, ಅದರ ಪಾರ್ಟ್ಸನ್ನೆಲ್ಲ ಸಿಲಿಕೋನ್ ರಬ್ಬರಲ್ಲಿ ಅಚ್ಚು ತೆಗೆದು, ಮನೇಲೇ ರೆಸಿನ್ (ನೀರಾಗಿ ಹುಯ್ದ ಮೇಲೆ ಗಟ್ಟಿಯಾಗೋ ಪ್ಲಾಸ್ಟಿಕ್ಕು) ಹುಯ್ದು ಮಾರ್ತಾರೆ. ರೀಕಾಸ್ಟ್ ಅನ್ನೋದು ಇದನ್ನೇ.

ನಾನು ತಗೊಂಡಿದ್ದು 1/12 ಸ್ಕೇಲಿನ (ಅಂದ್ರೆ ಅಸಲಿಯ ಹನ್ನೆರಡನೇ ಒಂದು ಅಳತೆ) ಲೋಟಸ್ 49 ಅನ್ನೋ ಫಾರ್ಮುಲಾ ಒನ್ ಕಾರು, 1967ರ ವರ್ಷನ್ನು. ಜಿಮ್ ಕ್ಲಾರ್ಕ್ ಆ ವರ್ಷ ಜೂನಲ್ಲಿ ಹಾಲೆಂಡಿನ ಝಾಂಡ್‌ವೋರ್ಟ್‌ನಲ್ಲಿ ಗೆದ್ದನಲ್ಲ, ಆ ಗಾಡಿ. ಗಾಡಿಗೂ ಅದೇ ಮೊದಲ ರೇಸು, ಕಾಸ್‌ವರ್ತ್ ಡಿಎಫ್‌ವಿ ಇಂಜಿನ್ನಿಗೂ ಅದೇ ಮೊದಲ ರೇಸು. ಪೋಲ್ (ಎಲ್ಲರಿಗಿಂತ ಮುಂದೆ ನಿಂತು ಶುರು ಮಾಡೋ ಜಾಗ) ತಗೊಂಡಿದ್ದು ಅದೇ ಟೀಮಿನ ಗ್ರಹಾಂ ಹಿಲ್, ಪಾಪ ಅವನ ಇಂಜಿನ್ ಬೇಗನೇ ಕೈಕೊಡ್ತು. ರೆಕ್ಕೆ ಇಲ್ಲ, ಸಿಗರೇಟ್ ಕಂಪನಿ ಬಣ್ಣ ಇಲ್ಲ (ಅದು ಬಂದಿದ್ದು 1968ರಲ್ಲಿ), ಬರೀ ಕಡು ಹಸಿರು, ಮಧ್ಯ ಒಂದು ಹಳದಿ ಪಟ್ಟಿ. ನನ್ನ ಕೇಳಿದ್ರೆ ಇಷ್ಟು ಚೆಂದದ ರೇಸ್ ಕಾರು ಆಮೇಲೆ ಬಂದೇ ಇಲ್ಲ.

ಮಾರಿದವನ ಹೆಸರು ಹಾಕಲ್ಲ, ಹೆಸರು ಬದಲಾಯಿಸ್ಕೊಂಡು ಓಡಾಡೋನಿಗೆ ಹೆಸರು ಹಾಕಿ ಏನು ಪ್ರಯೋಜನ. ಆದ್ರೆ ಮನುಷ್ಯ ವಿಷಯ ಗೊತ್ತಿರೋನು, ಹಿಂದಿನ ಸಸ್ಪೆನ್ಷನ್ ಹೆಂಗೆ ಜೋಡಿಸ್ಬೇಕು ಅಂತ ಅವನೇ ಕ್ಲಾಸ್ ತಗೊಂಡ. ಫೋಟೋ ಕೇಳಿದ್ರೆ ಕಳಿಸಿದ, ವಿಡಿಯೋ ಕೇಳಿದ್ರೆ ಅದನ್ನೂ ಕಳಿಸಿದ, ಎರಡೂ ಬೇರೆ ಯಾವುದೋ ಅಸಲಿ ಕಿಟ್ಟಿಂದು ಅಂತ ಈಗ ಗೊತ್ತಾಗಿದೆ. ರೇಟೂ ಕಮ್ಮಿ ಏನಿರ್ಲಿಲ್ಲ ನೋಡಿ. ಅಗ್ಗಕ್ಕೆ ಕೊಟ್ರೆ ಡೂಪ್ಲಿಕೇಟ್ ಅಂತ ಎಲ್ರೂ ಹೇಳ್ತಾರೆ, ಇವನು 30,000ದ ಹತ್ತಿರ ಇಸ್ಕೊಂಡು, ಜಪಾನಿಂದ ತರ್ಸಿದ್ರೆ ಕಸ್ಟಮ್ಸ್ ಸೇರಿ ಇನ್ನೂ ಜಾಸ್ತಿ ಆಗುತ್ತೆ ಸಾರ್ ಅಂತ ಬೇರೆ ಹೇಳಿದ.

ಬಾಕ್ಸ್ ತೆಗೆದಾಗ ಮೊದಲು ಮೂಗಿಗೆ ಬಡಿದಿದ್ದು ವಾಸನೆ. ಸರಿಯಾಗಿ ಗಟ್ಟಿಯಾಗದ ರೆಸಿನ್ನು, ಬಾಡಿಯ ಒಳಭಾಗ ಮುಟ್ಟಿದ್ರೆ ಹಲಸಿನ ಮೇಣದ ಥರ ಬೆರಳಿಗೆ ಅಂಟ್ತಿತ್ತು. ಅಚ್ಚಿಗೆ ಸವರೋ ಎಣ್ಣೆ ಒರಿಜಿನಲ್ ಕಿಟ್ಟಲ್ಲೂ ಇರುತ್ತೆ, ಬಿಸಿನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಜ್ಜಿದ್ರೆ ಹೋಗುತ್ತೆ. ಇದು ಹೋಗ್ಲಿಲ್ಲ. ಪ್ರೈಮರ್ ಹೊಡೆದ ಮೇಲೆ ಮೂತಿ ತುಂಬ ಸೂಜಿಮೊನೆಯಷ್ಟು ತೂತುಗಳು ಎದ್ವು, ಗಾಳಿಗುಳ್ಳೆ ಒಳಗೇ ಉಳ್ಕೊಂಡಿದ್ದು. ಪುಟ್ಟಿ ತುಂಬ್ಸಿ ಉಜ್ಜಿದ್ರೆ ಕೆಳಗೆ ಇನ್ನೊಂದಷ್ಟು ಗುಳ್ಳೆ. ಅಂದಹಾಗೆ ರೆಸಿನ್ ಉಜ್ಜೋವಾಗ ನೀರು ಹಾಕ್ಕೊಂಡು, ಮಾಸ್ಕ್ ಹಾಕ್ಕೊಂಡು ಉಜ್ಜಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಇದೆಲ್ಲ ಹೆಂಗೋ ಸಹಿಸ್ಕೋಬಹುದು, ನಿಜವಾದ ತಲೆನೋವು ಅಳತೇದು. ರೆಸಿನ್ ಗಟ್ಟಿಯಾಗ್ತಾ ಸ್ವಲ್ಪ ಕುಗ್ಗುತ್ತೆ. ಕಂಪನಿಯವರು ಅದನ್ನ ಲೆಕ್ಕ ಹಾಕೇ ಮಾಸ್ಟರ್ (ಅಚ್ಚು ತೆಗೆಯೋ ಮೂಲ ಮಾದರಿ) ಮಾಡಿರ್ತಾರೆ, ಆದ್ರೆ ಅವರ ಪಾರ್ಟಿಂದ ಮತ್ತೆ ಅಚ್ಚು ತೆಗೆದ್ರೆ ಇನ್ನೊಂದು ಸಲ ಕುಗ್ಗುತ್ತೆ, ಲೋಹದ ಪಾರ್ಟ್ ಒಂದು ಲೆಕ್ಕದಲ್ಲಿ, ರೆಸಿನ್ ಪಾರ್ಟ್ ಇನ್ನೊಂದು ಲೆಕ್ಕದಲ್ಲಿ. ಲೋಟಸ್ 49ರ ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರೋ ದೂರ) 2413 ಮಿಮೀ, 12ರಿಂದ ಭಾಗಿಸಿದ್ರೆ 201 ಬರ್ಬೇಕು. ಅಂಟು ಹಾಕದೆ ಬರೀ ಟೇಪಲ್ಲಿ ಜೋಡಿಸಿ ಕ್ಯಾಲಿಪರಲ್ಲಿ ಅಳೆದ್ರೆ ಒಂದು ಕಡೆ 198, ಇನ್ನೊಂದು ಕಡೆ ಅದಕ್ಕಿಂತ ಕಮ್ಮಿ. ಅಂದ್ರೆ ಗಾಡಿ ಸೊಟ್ಟ. ಈ ಕಾರಲ್ಲಿ ಅದನ್ನ ಮುಚ್ಚಿಡೋಕೂ ಆಗಲ್ಲ, ಯಾಕಂದ್ರೆ ಡ್ರೈವರ್ ಬೆನ್ನ ಹಿಂದೆ ಚಾಸಿನೇ ಇಲ್ಲ! ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ಮಾಡಿದ ಐಡಿಯಾನೇ ಅದು, ಮಾನೊಕಾಕ್ (ಡ್ರೈವರ್ ಕೂರೋ ತೊಟ್ಟಿಯಂಥ ಬಾಡಿ) ಅವನ ಬೆನ್ನ ಹಿಂದಿನ ಗೋಡೆಗೆ ಮುಗಿಯುತ್ತೆ, ಇಂಜಿನ್ನನ್ನ ನಾಲ್ಕು ಬೋಲ್ಟಲ್ಲಿ ಅದಕ್ಕೆ ಕಚ್ಚಿಸಿ ಹಿಂದಿನ ಸಸ್ಪೆನ್ಷನ್ ಮುಖ್ಯವಾಗಿ ಇಂಜಿನ್ನು ಗೇರ್‌ಬಾಕ್ಸ್ ಮೇಲೇ ನಿಲ್ಲುತ್ತೆ. ಆ ಗೋಡೆ ಸೊಟ್ಟ ಇದ್ರೆ ಇಂಜಿನ್ ಸೊಟ್ಟ, ಇಂಜಿನ್ ಸೊಟ್ಟ ಆದ್ರೆ ನಾಲ್ಕು ಚಕ್ರ ಒಟ್ಟಿಗೆ ಟೇಬಲ್ ಮುಟ್ಟಲ್ಲ.

ಸಸ್ಪೆನ್ಷನ್ ಕಡ್ಡಿಗಳು ವೈಟ್ ಮೆಟಲ್ (ತವರ ಬೆರೆಸಿದ ಲೋಹ) ಅಂದಿದ್ದ. ಪೇಪರ್ ಮೇಲೆ ಗೀಚಿದ್ರೆ ಪೆನ್ಸಿಲ್ ಥರ ಕಪ್ಪು ಗೆರೆ ಬಂತು, ಸೀಸ ಜಾಸ್ತಿ ಇರೋ ಲಕ್ಷಣ ಅದು, ಉಗುರಲ್ಲಿ ಒತ್ತಿದ್ರೆ ಬಗ್ಗುತ್ತೆ. ಮನೇಲಿ ಚಿಕ್ಕ ಮಕ್ಕಳಿರೋರು ಇಂಥದ್ದನ್ನ ಫೈಲ್ ಮಾಡೋಕೇ ಹೋಗ್ಬೇಡಿ. ಇಂಜಿನ್ ಮೇಲಿನ ಎಂಟು ಟ್ರಂಪೆಟ್ (ಗಾಳಿ ಎಳ್ಕೊಳ್ಳೋ ಕೊಳವೆಗಳು) ಲೇತಲ್ಲಿ ಕಡೆದ ಅಲ್ಯೂಮಿನಿಯಂ ಆಗಿರ್ಬೇಕಿತ್ತು, ಬಂದಿದ್ದು ಬಾಯಿ ಮುಚ್ಚಿರೋ ರೆಸಿನ್ ಗೂಟಗಳು.

ಡೆಕಾಲ್ (ಬಾಡಿ ಮೇಲೆ ಅಂಟಿಸೋ ಪಟ್ಟಿ, ನಂಬರ್‌ಗಳ ತೆಳು ಸ್ಟಿಕ್ಕರ್) ಕಥೆ ಇನ್ನೂ ಚೆನ್ನಾಗಿದೆ. ಅಸಲಿ ಡೆಕಾಲ್ ಸ್ಕ್ರೀನ್ ಪ್ರಿಂಟ್, ಬಣ್ಣದ ಕೆಳಗೆ ಬಿಳಿ ಪದರ ಇರುತ್ತೆ. ಇವನು ಸ್ಕ್ಯಾನ್ ಮಾಡಿ ಮಾಮೂಲಿ ಪ್ರಿಂಟರಲ್ಲಿ ಹೊಡೆದಿದ್ದ, ಆ ಪ್ರಿಂಟರಿಗೆ ಬಿಳಿ ಇಂಕೇ ಇರಲ್ಲ. ಹಂಗಾಗಿ ಹಸಿರಿನ ಮೇಲೆ ಹಳದಿ ಪಟ್ಟಿ ಕೂರ್ಸಿದ ತಕ್ಷಣ ಪಟ್ಟಿ ಮಾಯ, ಒಂಥರಾ ಪಾಚಿ ಬಣ್ಣದ ನೆರಳು ಮಾತ್ರ ಉಳೀತು.

ವಾಪಸ್ ತಗೋ ಅಂದಿದ್ದಕ್ಕೆ ಮೊದಲು ಕೊರಿಯರ್‌ನವರ ಮೇಲೆ ಹಾಕಿದ, ಆಮೇಲೆ ನೀವೇ ಬದಲಾಯಿಸಿದೀರ ಅಂದ, ಆಮೇಲೆ ಬ್ಲಾಕ್. ಬ್ಯಾಂಕಲ್ಲಿ ಕೇಳಿದ್ರೆ ಯುಪಿಐ ನೀವೇ ಕಳ್ಸಿದ್ದಲ್ವಾ ಸಾರ್ ಅಂತಾರೆ. 1930ಕ್ಕೆ ಫೋನ್ ಮಾಡಿ ಸೈಬರ್ ಕಂಪ್ಲೇಂಟ್ ಕೊಟ್ಟಿದೀನಿ, ನಂಬರ್ ಬಂದಿದೆ, ದುಡ್ಡು ಬಂದಿಲ್ಲ.

ಯಾರಾದ್ರೂ ಇಂಥ ಕಿಟ್ ಆಫರ್ ಮಾಡಿದ್ರೆ ಬಾಕ್ಸ್ ಫೋಟೋ ನೋಡಿ ಖುಷಿಪಡ್ಬೇಡಿ. ಡೆಕಾಲ್ ಶೀಟನ್ನ ಓರೆಯಾಗಿ ಬೆಳಕಿಗೆ ಹಿಡಿದು ಹತ್ತಿರದಿಂದ ತೆಗೆದ ಫೋಟೋ ಕೇಳಿ, ಪ್ರಿಂಟರಿಂದಾದ್ರೆ ಚುಕ್ಕಿ ಚುಕ್ಕಿ ಕಾಣುತ್ತೆ. ಬಾಡಿ ಪಕ್ಕ ಸ್ಕೇಲು, ಜೊತೆಗೆ ನಿಮ್ಮ ಹೆಸರು, ಅವತ್ತಿನ ತಾರೀಖು ಬರೆದ ಚೀಟಿ ಇಟ್ಟು ಫೋಟೋ ಕೇಳಿ. ಇಷ್ಟಕ್ಕೇ ಊರಲ್ಲಿಲ್ಲ, ಕಿಟ್ ಅತ್ತೆ ಮನೇಲಿದೆ ಅಂತ ಶುರು ಮಾಡಿದ್ರೆ ಮಾತು ಅಲ್ಲಿಗೇ ನಿಲ್ಸಿ. ಹೋದ ವಾರ ಬೇರೆ ಹೆಸರಲ್ಲಿ ಒಂದು ಫೆರಾರಿ ಕಿಟ್ ಮಾರಾಟಕ್ಕೆ ಬಂದಿತ್ತು, ಅದರ ಫೋಟೋದಲ್ಲೂ ನನಗೆ ಕಳಿಸಿದ್ದ ಫೋಟೋದಲ್ಲಿದ್ದ ಅದೇ ಟೇಬಲ್ಲು, ಅದೇ ಹೂವಿನ ಟೇಬಲ್ ಕ್ಲಾತು.