ಒಲೆ ಹೊತ್ತದ ದಿನಕ್ಕೆ ಯಾವ ಊಟ?

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು, ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಜೂನ್ ಬಂತೆಂದರೆ ತಟ್ಟನೆ ಮನೆ ಬಿಡಬೇಕಾಗಿ ಬಂದರೆ ಎಂದು ಬಾಗಿಲ ಬಳಿ ಒಂದು ಚೀಲ ಸಿದ್ಧವಿರುತ್ತದೆ. ಟಾರ್ಚ್, ಔಷಧಿ, ಕಾಗದಪತ್ರ ಎಲ್ಲ ಸರಿ. ಊಟ ಯಾವುದು ಇಡಬೇಕು? ಅದಕ್ಕೇ ಒಂದಷ್ಟು ಬಗೆ ತಂದು, ಗ್ಯಾಸ್ ಹಚ್ಚದೆ, ಅಳೆದಿಟ್ಟ ನೀರಿನಲ್ಲೇ ಮನೆಯವರೆಲ್ಲ ತಿಂದು ನೋಡಿದೆವು.

ಬಿಸಿನೀರು ಹಾಕಿ ಮುಚ್ಚಿಡುವ ಉಪ್ಪಿಟ್ಟಿನ ಕಪ್ಪು ಎತ್ತಿದರೆ ಹಗುರ. ಆದರೆ ಒಂದು ಕಪ್ಪಿಗೆ ಹೆಚ್ಚುಕಡಿಮೆ ಒಂದು ಲೋಟ ನೀರು ಬೇಕು, ಅದೂ ಕುದಿಯುವ ನೀರು. ತಣ್ಣೀರಿನಲ್ಲಿ ರವೆ ನೆನೆಯಿತು, ಒಣ ತರಕಾರಿ ಮಾತ್ರ ಗಟ್ಟಿಯಾಗಿಯೇ ಉಳಿಯಿತು. ಮಕ್ಕಳು ತಟ್ಟೆ ಸರಿಸಿಬಿಟ್ಟರು. ಬಾವಿ ನೀರು ಕೆಂಪಾದ ಹೊತ್ತಲ್ಲಿ ಕುಡಿಯುವ ನೀರನ್ನು ಇದಕ್ಕೆ ಸುರಿಯೋಕಾಗುತ್ತಾ? ಆ ನೀರಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ. ಚಾರಣಿಗರ ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ನೀರಿನಂಶ ತೆಗೆದ) ಊಟಕ್ಕೂ ಇದೇ ತೊಡಕು, ಬೆಲೆಯೂ ಜಾಸ್ತಿ.

ಬಿಸಿಬೇಳೆಬಾತ್, ಪೊಂಗಲ್ ಸಿಗುವ ರಿಟಾರ್ಟ್ ಪೊಟ್ಟಣದ ಕಥೆ ಬೇರೆ. ಊಟವನ್ನು ಒಳಗೆ ಹಾಕಿ ಸೀಲ್ ಮಾಡಿ, ಸುಮಾರು 121 ಡಿಗ್ರಿ ಶಾಖದಲ್ಲಿ ಸಂಸ್ಕರಿಸುತ್ತಾರೆ. ಹಾಗಾಗಿ ಫ್ರಿಜ್ ಬೇಡ, ಹರಿದು ಹಾಗೇ ತಿನ್ನಬಹುದು. ಸೇನೆಗೆಂದು ಇಂಥ ಊಟ ರೂಪಿಸಿದ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ ಇದೆ, ಡಿ.ಎಫ್.ಆರ್.ಎಲ್. (ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ) ಎಂದೇ ಹೆಸರಾಗಿದ್ದದ್ದು. ತಣ್ಣಗೆ ತಿಂದಾಗ ತುಪ್ಪ ಹೆಪ್ಪುಗಟ್ಟಿ ನಾಲಿಗೆಗೆ ಅಂಟಿತು, ಆದರೂ ಅದು ಊಟವೇ. ಅತ್ತೆಗೆ ಶುಗರ್ ಇದೆ, ಮಾತ್ರೆ ತೆಗೆದುಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಅವರಿಗೆ ಇದು ಹಿಡಿಸಿತು. ತೊಂದರೆ ಎಂದರೆ ಭಾರ. 300 ಗ್ರಾಂ ಪೊಟ್ಟಣದಲ್ಲಿ ಬಹುಪಾಲು ನೀರೇ. ನಾಲ್ಕು ಜನಕ್ಕೆ ಎರಡು ಹೊತ್ತಿಗೆಂದರೆ ಸುಮಾರು ಎರಡೂವರೆ ಕಿಲೊ! ಪೊಟ್ಟಣ ಉಬ್ಬಿದ್ದರೆ ರುಚಿ ನೋಡಲೂ ಹೋಗಬೇಡಿ, ಎಸೆದುಬಿಡಿ.

ಕೊನೆಗೆ ಅವಲಕ್ಕಿ. ಇದು ಬೆಂದ ಭತ್ತವನ್ನೇ ಚಪ್ಪಟೆ ಮಾಡಿದ್ದು, ಒಲೆ ಬೇಡ. 100 ಗ್ರಾಂಗೆ ಸುಮಾರು 350 ಕ್ಯಾಲೊರಿ. ಗಟ್ಟಿ ಅವಲಕ್ಕಿ ನೆನೆಯಲು ಹೊತ್ತು ಬೇಕು. ತೆಳು ಅವಲಕ್ಕಿಗೆ ನೀರು ಚಿಮುಕಿಸಿ, ಬೆಲ್ಲ ಕಲಸಿದರೆ ಮುಗಿಯಿತು. ನೀರೇ ಇಲ್ಲದಿದ್ದರೂ ಹುರಿಗಡಲೆ ಜೊತೆ ಸುಮ್ನೆ ಅಗಿಯಬಹುದು. ಮಕ್ಕಳು ಮತ್ತೆ ಕೇಳಿದ್ದು ಇದನ್ನೇ. ರಾಗಿ ಹುರಿಹಿಟ್ಟೂ ಹಗುರವೇ, ತಣ್ಣೀರಿನಲ್ಲಿ ಚೆನ್ನಾಗಿ ಉಂಡೆಯಾಗುತ್ತದೆ. ಆದರೆ ನೀರಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ. ಮಳೆಗಾಲದ ತೇವಕ್ಕೆ ಎರಡಕ್ಕೂ ಹುಳ ಬೀಳುತ್ತದೆ, ಆದ್ದರಿಂದ ಗಾಳಿಯಾಡದ ಡಬ್ಬಿಯೇ ಬೇಕು.

ಹಗುರ ಎಂಬುದೊಂದನ್ನೇ ನೋಡಿ ಕಪ್ಪುಗಳನ್ನು ತುಂಬಿಕೊಳ್ಳಬೇಡಿ ಎಂದೇ ನನ್ನ ಸಲಹೆ. ನಮ್ಮ ಚೀಲದಲ್ಲಿ ಈಗ ತೆಳು ಅವಲಕ್ಕಿ, ಬೆಲ್ಲ, ಹುರಿಗಡಲೆ ಮುಖ್ಯ. ಅತ್ತೆಗೆಂದೇ ಎರಡು ಪೊಂಗಲ್ ಪೊಟ್ಟಣ, ಜೊತೆಗೆ ಎರಡು ಚಮಚ. ಮೇ ಕೊನೆಯಲ್ಲಿ ತಾರೀಖು ನೋಡಿ, ಹಳೆಯದನ್ನು ತಿಂದು ಹೊಸದು ಇಡುತ್ತೇವೆ.