ಸೋಮವಾರದ ಹೊಟ್ಟೆನೋವಿಗೆ ಸಿಕ್ಕ ವೈದ್ಯರು

ಮೂರನೆಯ ತರಗತಿಯಲ್ಲಿ ಓದುವ ನನ್ನ ಮಗಳಿಗೆ ದಸರಾ ರಜೆ ಮುಗಿದಂದಿನಿಂದ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ಭಾನುವಾರ ಮಾತ್ರ ಅದರ ಸುಳಿವೇ ಇರುತ್ತಿರಲಿಲ್ಲ. ಹೊಟ್ಟೆಯಲ್ಲಿ ದೋಷವಿಲ್ಲವೆಂದು ಮಕ್ಕಳ ವೈದ್ಯರು ಹೇಳಿದ ಮೇಲೆ, ಯಾರದೋ ಮಾತು ಕೇಳಿ ‘ಒತ್ತಡದ ಹಾರ್ಮೋನ್ ತಪಾಸಣೆ’ಗೆಂದು ಒಂದು ಪ್ರಯೋಗಾಲಯಕ್ಕೆ ಹೋದೆವು. ಅಳುತ್ತಿದ್ದ ಮಗುವನ್ನು ಇಬ್ಬರು ಹಿಡಿದುಕೊಂಡು ರಕ್ತ ತೆಗೆದರು. ಕಾರ್ಟಿಸಾಲ್ ಎಂಬ ಆ ಹಾರ್ಮೋನ್ ಮಿತಿಯ ಮೇಲ್ತುದಿಯಲ್ಲಿದೆ ಎಂಬ ವರದಿಯನ್ನು ಕೈಗಿತ್ತರೇ ಹೊರತು ಅದರ ಅರ್ಥ ತಿಳಿಸಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಆ ವರದಿಯನ್ನು ಹಿಡಿದುಕೊಂಡೇ ಮೈಸೂರಿನ ಸರಸ್ವತಿಪುರಂನಲ್ಲಿರುವ ಮಕ್ಕಳ ಮನೋವೈದ್ಯರೊಬ್ಬರ ಚಿಕ್ಕ ಚಿಕಿತ್ಸಾಲಯಕ್ಕೆ ಹೋದೆವು. ವೈದ್ಯೆ ಅದನ್ನು ಪಕ್ಕಕ್ಕಿಟ್ಟು, ಮೊದಲು ಮಗಳೊಡನೆ ಅರ್ಧ ಗಂಟೆ ಮಾತನಾಡಿ, ಆಮೇಲೆ ನಮ್ಮನ್ನು ಕರೆದರು. ಹೆದರಿಕೆಯಾದಾಗ ಮಿದುಳಿನ ಹೈಪೊಥಾಲಮಸ್ ಪಿಟ್ಯುಟರಿ ಗ್ರಂಥಿಗೂ, ಅದು ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳಿಗೂ ಸೂಚನೆ ಕಳುಹಿಸುವುದರಿಂದ ಕಾರ್ಟಿಸಾಲ್ ಹೆಚ್ಚುತ್ತದೆ. ಆದರೆ ಆರೋಗ್ಯವಂತರಲ್ಲೂ ಅದು ಎಚ್ಚರವಾದ 30ರಿಂದ 45 ನಿಮಿಷಗಳಲ್ಲಿ ಗರಿಷ್ಠ ಮಟ್ಟಕ್ಕೇರಿ ನಡುರಾತ್ರಿಯ ಹೊತ್ತಿಗೆ ತೀರ ಇಳಿಯುತ್ತದೆ, ಸೂಜಿಯ ಭಯಕ್ಕೂ ಏರುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ಕಾರ್ಟಿಸಾಲ್ ವಿಪರೀತ ಹೆಚ್ಚುವ ಕುಶಿಂಗ್, ತೀರ ಕಡಿಮೆಯಾಗುವ ಅಡಿಸನ್‌ನಂಥ ಕಾಯಿಲೆಗಳ ಪತ್ತೆಗೆ ಈ ಪರೀಕ್ಷೆ ಬೇಕೇ ಬೇಕು. ಆತಂಕದ ಕಾಯಿಲೆಯನ್ನು ಒಂದು ಬೆಳಗಿನ ರಕ್ತದಿಂದ ಗುರುತಿಸಲಾಗದು. ದೀರ್ಘಕಾಲ ಒತ್ತಡದಲ್ಲಿ ಬೆಳೆದ ಕೆಲವು ಮಕ್ಕಳಲ್ಲಂತೂ ಈ ಏರಿಕೆಯೇ ಮಂಕಾಗಿರುತ್ತದಂತೆ.

“ನೋವು ನಾಟಕವಲ್ಲ, ನಿಜವಾಗಿಯೂ ನೋಯುತ್ತದೆ, ಆದರೆ ಮನೆಯಲ್ಲಿ ಉಳಿಸಿಕೊಂಡಾಗ ಸಿಗುವ ನೆಮ್ಮದಿಯೇ ಮರುದಿನದ ಭಯವನ್ನು ಗಟ್ಟಿ ಮಾಡುತ್ತದೆ” ಎಂದು ಅವರು ಹೇಳಿದಾಗ, ಅಯ್ಯೋ ಪಾಪ ಎಂದು ಮಲಗಿಸಿದ ದಿನಗಳೆಲ್ಲ ನನಗೆ ನೆನಪಾದವು. ಔಷಧಿ ಬರೆಯುವ ಆತುರ ತೋರಲಿಲ್ಲ. ಯೋಚನೆ, ವರ್ತನೆಗಳನ್ನು ನಿಧಾನವಾಗಿ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆಯಾದ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಯಿಂದ ಆರಂಭಿಸೋಣ, ಆತಂಕ ತೀವ್ರವಾಗಿಯೇ ಉಳಿದರೆ ಫ್ಲುಯಾಕ್ಸೆಟಿನ್‌ನಂಥ ಔಷಧಿಯ ಬಗ್ಗೆ ಮಾತನಾಡೋಣ ಎಂದರು.

ಎರಡನೆಯ ಭೇಟಿಯಲ್ಲಿ, ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲೆಂದು, ಒಂದು ಸ್ಲೇಟಿನ ಮೇಲೆ ಏಣಿ ಬರೆಸಿದರು. ಕೆಳಗಿನ ಮೆಟ್ಟಿಲಲ್ಲಿ ‘ಗೇಟಿನ ತನಕ ಅಪ್ಪನ ಜೊತೆ’, ತುದಿಯಲ್ಲಿ ‘ಪ್ರಾರ್ಥನೆಯ ಹೊತ್ತಿಗೆ ಒಬ್ಬಳೇ ಸಾಲಿನಲ್ಲಿ’. ಜಡೆಯ ತುದಿಯನ್ನು ಕಚ್ಚುತ್ತಲೇ ಮಗಳು ಪ್ರತಿಯೊಂದರ ಎದುರು ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕವೆಂದು ತಾನೇ ಬರೆದಳು. ಆ ಸ್ಲೇಟಿನ ಫೋಟೊ ಈಗ ನಮ್ಮ ಫ್ರಿಜ್ಜಿನ ಮೇಲಿದೆ.

ಕೊರತೆಗಳೂ ಇವೆ. ಸಂಜೆ ಮಾತ್ರ ತೆರೆದಿರುವುದರಿಂದ ಮುಂಗಡವಾಗಿ ಸಮಯ ಕೇಳಿಕೊಂಡು ಹೋದರೂ ಗಂಟೆಗಟ್ಟಲೆ ಕಾಯಬೇಕು. ಆತಂಕದ ಮಕ್ಕಳಿಗೆ ಆ ಇಕ್ಕಟ್ಟಾದ ಕೋಣೆ ಹಿತವಲ್ಲ. ಶಾಲೆಗೆ ಕೊಡಬೇಕಾದ ಪತ್ರವನ್ನು ಎರಡು ಬಾರಿ ನೆನಪಿಸಬೇಕಾಯಿತು. ಪ್ರತಿ ವಾರದ ಶುಲ್ಕ ಭರಿಸುವುದು ಕಷ್ಟವೆನ್ನುವವರು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮೊದಲು ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ. ನಾವಂತೂ ಇಲ್ಲಿಗೇ ಹೋಗುತ್ತಿದ್ದೇವೆ. ಮಗಳು ಈಗ ಏಣಿಯ ನಾಲ್ಕನೆಯ ಮೆಟ್ಟಿಲಲ್ಲಿದ್ದಾಳೆ.